ಪದ ಪರಿಚಯ: ಬಡಾವಣೆಗಳ ನಡುವಿನ ಆದಾಯದ ಅಂತರ

ತುಮಕೂರಿನ ಎಸ್‌ಐಟಿ ಬಡಾವಣೆಯ ಮನೆಗೆ ತಿಂಗಳಿಗೆ ಎಷ್ಟು ಬರುತ್ತದೆ, ಮರಳೂರು ದಿಣ್ಣೆಯ ಮನೆಗೆ ಎಷ್ಟು? ಆ ಎರಡರ ನಡುವಿನ ವ್ಯತ್ಯಾಸವೇ ಈ ಪದದ ಅರ್ಥ. ಕೇಳಲು ಸರಳ, ಅಳೆಯುವಾಗ ಎಡವುವುದೇ ಹೆಚ್ಚು.

ಇಲ್ಲಿ ‘ಮನೆ’ ಎಂದರೆ ಕಟ್ಟಡವಲ್ಲ, ಒಂದೇ ಒಲೆಯಲ್ಲಿ ಉಣ್ಣುವವರು. ಕೆಳಗೆ ಮಾಲೀಕರು, ಮಹಡಿಯಲ್ಲಿ ಬಾಡಿಗೆಯವರು ಇದ್ದರೆ ಎರಡು ಮನೆ. ಆದಾಯ ಎಂದರೆ ಸಂಬಳವಷ್ಟೇ ಅಲ್ಲ: ಕೂಲಿ, ಅಂಗಡಿಯ ಲಾಭ, ಬಾಡಿಗೆ, ಪಿಂಚಣಿ ಎಲ್ಲವೂ ಸೇರಬೇಕು. ಊರಿನ ಹೊಲದಿಂದ ಬಂದ ರಾಗಿ ಮೂಟೆಗೂ ಪೇಟೆ ದರ ಕಟ್ಟಬೇಕು. ಕೂಲಿಯವರನ್ನು ‘ತಿಂಗಳ ಆದಾಯ ಎಷ್ಟು’ ಎಂದು ಕೇಳಿದರೆ ಉತ್ತರ ತಪ್ಪುತ್ತದೆ. ದಿನಗೂಲಿ ಎಷ್ಟು, ಕಳೆದ ತಿಂಗಳು ಎಷ್ಟು ದಿನ ಕೆಲಸ ಸಿಕ್ಕಿತು ಎಂದು ಕೇಳಿ. 600 ರೂಪಾಯಿ ಕೂಲಿ, 18 ದಿನ ಕೆಲಸ ಎಂದರೆ 10,800. ಮೂವತ್ತು ದಿನಕ್ಕೆ ಗುಣಿಸಿದ 18,000 ಅಲ್ಲ.

ಸರಾಸರಿಯನ್ನು ನಂಬಬೇಡಿ. ಒಂದು ಬೀದಿಯ ಐದು ಮನೆಗಳಿಗೆ 12, 14, 15, 18 ಮತ್ತು 141 ಸಾವಿರ ಬರುತ್ತದೆ ಎನ್ನಿ. ಸರಾಸರಿ 40 ಸಾವಿರ. ಆ ಬೀದಿಯಲ್ಲಿ 40 ಸಾವಿರದ ಆಸುಪಾಸಿನ ಮನೆ ಒಂದೂ ಇಲ್ಲ! ಸಾಲಾಗಿ ಜೋಡಿಸಿ ನಡುವಿನದನ್ನು ಹಿಡಿದರೆ, ಅಂದರೆ ಮಧ್ಯಾಂಕ ತೆಗೆದರೆ, 15 ಸಾವಿರ. ಬೀದಿಯ ಬದುಕಿಗೆ ಹತ್ತಿರವಾದದ್ದು ಅದು.

ಇನ್ನೂ ದೊಡ್ಡ ತೊಡಕು ಗಡಿಯದು. ಒಂದು ವಾರ್ಡಿನಲ್ಲಿ 10, 10, 90, 90 ಸಾವಿರದ ಮನೆಗಳು, ಪಕ್ಕದ ವಾರ್ಡಿನಲ್ಲಿ ನಾಲ್ಕೂ 50 ಸಾವಿರದವು. ಎರಡರ ಸರಾಸರಿಯೂ 50, ಅಂತರ ಸೊನ್ನೆ. ಗೆರೆ ಸರಿಸಿ 10, 10, 50, 50 ಒಂದು ಕಡೆ, 90, 90, 50, 50 ಇನ್ನೊಂದು ಕಡೆ ಮಾಡಿ: 30 ಮತ್ತು 70. ಯಾರ ಆದಾಯವೂ ಬದಲಾಗದೆ 40 ಸಾವಿರದ ಅಂತರ ಎದ್ದು ಬಂತು. ಪಾಲಿಕೆಯ 35 ವಾರ್ಡುಗಳ ಲೆಕ್ಕ ನೋಡುವಾಗ ಇದು ನೆನಪಿರಲಿ: ಹೊಸ ಲೇಔಟೂ ಕೊಳೆಗೇರಿಯೂ ಒಂದೇ ವಾರ್ಡಿನೊಳಗಿದ್ದರೆ ಬಡತನ ಕಾಗದದ ಮೇಲೆ ಮಾಯವಾಗುತ್ತದೆ, ಅನುದಾನವೂ ಆ ಬೀದಿಗೆ ತಲುಪುವುದಿಲ್ಲ.

2011ರ ಜನಗಣತಿ ಆದಾಯವನ್ನು ಕೇಳಲಿಲ್ಲ. ಚಾವಣಿ, ನೀರು, ಶೌಚಾಲಯ, ಸ್ಕೂಟರ್ ಕೇಳಿತು. ಹಾಗಾಗಿ ಅನೇಕರು ಬಿಪಿಎಲ್ ಕಾರ್ಡುಗಳನ್ನು ಎಣಿಸುತ್ತಾರೆ. ಆದರೆ ಆ ಕಾರ್ಡಿಗೆ ಇಟ್ಟಿರುವ ವರ್ಷಕ್ಕೆ 1.20 ಲಕ್ಷದ ಆದಾಯ ಮಿತಿ ಇಡೀ ಕುಟುಂಬಕ್ಕೆ. ಇಬ್ಬರಿದ್ದರೂ ಅಷ್ಟೇ, ಏಳು ಜನರಿದ್ದರೂ ಅಷ್ಟೇ. ಕಾರ್ಡಿಗಿಂತ ಚಾವಣಿ ಮತ್ತು ನಲ್ಲಿಯ ಅಂಕಿಗಳೇ ವಾಸಿ. ಅವನ್ನೂ ವಾರ್ಡುವಾರು ಅಲ್ಲ, ಬೀದಿವಾರು ನೋಡಿ.