ಆಫ್ಟರ್‌ಕೇರ್: 18 ತುಂಬಿದ ಮೇಲೆ ಯಾರು ನೋಡಿಕೊಳ್ಳುತ್ತಾರೆ?

ತಂದೆ ತಾಯಿ ಇಲ್ಲದ ಮಕ್ಕಳು, ಇದ್ದರೂ ಅವರ ಜೊತೆ ಇರಲಾಗದ ಮಕ್ಕಳು ಬಾಲಮಂದಿರದಲ್ಲೋ ಸಾಕು ಕುಟುಂಬದಲ್ಲೋ ಬೆಳೆಯುತ್ತಾರೆ. 18 ತುಂಬಿತು ಅಂದರೆ ಕಾನೂನಿನ ಲೆಕ್ಕದಲ್ಲಿ ಅವರು ಮಕ್ಕಳಲ್ಲ. ಅಲ್ಲಿಂದ ಹೊರಬಿದ್ದು ಸ್ವಂತ ಕಾಲ ಮೇಲೆ ನಿಲ್ಲುವ ತನಕ ಸಿಗುವ ನೆರವಿಗೆ ಆಫ್ಟರ್‌ಕೇರ್ ಎನ್ನುತ್ತಾರೆ. ನಮ್ಮ ಸರ್ಕಾರಿ ಕಡತಗಳಲ್ಲಿ ಅನುಪಾಲನೆ. ಇರಲು ಜಾಗ, ಕೈಗೆ ಸ್ವಲ್ಪ ದುಡ್ಡು, ಓದು ಅಥವಾ ತರಬೇತಿ, ಕೆಲಸ, ಆರೋಗ್ಯ, ಕಷ್ಟ ಬಂದಾಗ ಫೋನ್ ಎತ್ತುವ ಒಬ್ಬ ಮನುಷ್ಯ, ಇಷ್ಟೂ ಇದರೊಳಗೆ ಬರುತ್ತದೆ. ಆಪರೇಷನ್ ಆದ ಮೇಲಿನ ಆರೈಕೆಗೂ ಇದೇ ಪದ ಬಳಸುತ್ತಾರೆ, ಅದು ಬೇರೆ ವಿಷಯ.

ಇಂಥ ನೆರವು ಯಾಕೆ ಬೇಕು ಅನ್ನೋದು ಹೊರಗಿನವರಿಗೆ ತಟ್ಟನೆ ಹೊಳೆಯುವುದಿಲ್ಲ. 18 ಆಯಿತು, ದುಡಿದು ತಿನ್ನಬಹುದಲ್ವಾ ಅನ್ನಿಸುತ್ತದೆ. ಆದರೆ ಬಾಲಮಂದಿರದಲ್ಲಿ ದಿನ ನಡೆಯುವುದೇ ಗಂಟೆಯ ಮೇಲೆ. ಏಳಲು ಗಂಟೆ, ಊಟಕ್ಕೆ ಗಂಟೆ, ಮಲಗಲು ಗಂಟೆ. ಮಕ್ಕಳ ಸುರಕ್ಷತೆಗಾಗಿ ಗೇಟು ಮುಚ್ಚಿರುತ್ತದೆ. ಎಷ್ಟೋ ಮಕ್ಕಳು ಒಬ್ಬರೇ ಅಂಗಡಿಗೆ ಹೋಗಿರುವುದಿಲ್ಲ, ತಿಂಗಳ ಖರ್ಚಿನ ಲೆಕ್ಕ ಹಾಕಿರುವುದಿಲ್ಲ. ಅಂಥವರ ಕೈಗೆ ಒಂದು ದಿನ ಇಡೀ ಬದುಕನ್ನೇ ಕೊಟ್ಟು ಹೊರಗೆ ಕಳಿಸುತ್ತೇವೆ.

ಹೊರಗೆ ಬಂದವರಿಗೆ ಮೊದಲು ಎದುರಾಗುವುದು ಅರ್ಜಿ ಫಾರಂ. ಅದರಲ್ಲಿ ತಂದೆಯ ಹೆಸರು, ಖಾಯಂ ವಿಳಾಸ ಅಂತ ಎರಡು ಕಾಲಂ. ಇದುವರೆಗೆ ಸಂಸ್ಥೆಯ ವಿಳಾಸ ಬರೆಯುತ್ತಿದ್ದ ಹುಡುಗಿ ಈಗ ಏನು ಬರೆಯಬೇಕು? ಬಾಡಿಗೆ ಮನೆ ಕೇಳಲು ಹೋದರೆ ಅಡ್ವಾನ್ಸ್ ಜೊತೆಗೆ ‘ಮನೆಯವರನ್ನ ಕರ್ಕೊಂಡು ಬನ್ನಿ’ ಅನ್ನುತ್ತಾರೆ. ಬ್ಯಾಂಕಿನಲ್ಲಿ ಇರುವುದು ಮೈನರ್ ಖಾತೆ. 18 ಆದ ಮೇಲೆ ಹೊಸದಾಗಿ ಸಹಿಯ ಮಾದರಿ, ದಾಖಲೆ ಕೊಟ್ಟು ಬದಲಾಯಿಸಿಕೊಳ್ಳದಿದ್ದರೆ ಅದರಲ್ಲಿರುವ ತನ್ನದೇ ದುಡ್ಡು ತೆಗೆಯುವುದೂ ಕಷ್ಟ. ಕೆಲಸ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಸಂಬಳ ಬರುವುದು ತಿಂಗಳು ಕಳೆದ ಮೇಲೆ. ಆ ಮೊದಲ ತಿಂಗಳು ಊಟಕ್ಕೇನು, ಬಸ್ಸಿಗೇನು? ಮನೆಯಲ್ಲಿ ಬೆಳೆದವರಿಗೆ ಇದು ಪ್ರಶ್ನೆಯೇ ಅಲ್ಲ.

ನಮ್ಮಲ್ಲಿ ಇದಕ್ಕೆ ಕಾನೂನಿದೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ, ಸಂಸ್ಥೆಯಿಂದ ಹೊರಬಂದ 18ರಿಂದ 21 ವರ್ಷದೊಳಗಿನವರಿಗೆ ಕೊಡುವ ಹಣದ ಅಥವಾ ಇತರ ನೆರವೇ ಆಫ್ಟರ್‌ಕೇರ್. ವಿಶೇಷ ಸಂದರ್ಭದಲ್ಲಿ 23ರವರೆಗೂ ಮುಂದುವರಿಸಲು 2016ರ ಮಾದರಿ ನಿಯಮಗಳಲ್ಲಿ ಅವಕಾಶವಿದೆ. ಆರರಿಂದ ಎಂಟು ಜನ ಒಟ್ಟಿಗೆ ಇರುವ ತಾತ್ಕಾಲಿಕ ಮನೆ, ತರಬೇತಿ ಸಮಯದಲ್ಲಿ ಸ್ಟೈಪೆಂಡ್, ಓದಿಗೆ ಸ್ಕಾಲರ್‌ಶಿಪ್, ಸಂಪರ್ಕದಲ್ಲಿರುವ ಒಬ್ಬ ಆಪ್ತ ಸಮಾಲೋಚಕ, ಸ್ವಂತ ಉದ್ಯೋಗಕ್ಕೆ ಸಾಲದ ವ್ಯವಸ್ಥೆ, ಇವೆಲ್ಲ ಆ ನಿಯಮಗಳಲ್ಲಿವೆ. ಮಕ್ಕಳ ರಕ್ಷಣೆಗಾಗಿ ಇರುವ ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯ ಮಾರ್ಗಸೂಚಿ ಒಬ್ಬರಿಗೆ ತಿಂಗಳಿಗೆ 4,000 ರೂಪಾಯಿ ನಿಗದಿ ಮಾಡಿದೆ. ಓದಿದರೆ ಏನೂ ಕೊರತೆ ಕಾಣುವುದಿಲ್ಲ.

ಕೊರತೆ ಇರುವುದು ಸಣ್ಣ ಅಕ್ಷರಗಳಲ್ಲಿ. ಹಣದ ನೆರವು ಕೊಡಬಹುದು ಎನ್ನುತ್ತದೆ ಕಾಯ್ದೆ, ಕೊಡಲೇಬೇಕು ಎನ್ನುವುದಿಲ್ಲ. ವ್ಯಾಖ್ಯೆ ಮಾತಾಡುವುದು ಸಂಸ್ಥೆಯಿಂದ ಹೊರಬಂದವರ ಬಗ್ಗೆ. ಸಾಕು ಕುಟುಂಬದಲ್ಲಿ ಬೆಳೆದವರ ಹೆಸರು ಅದರಲ್ಲಿಲ್ಲ. ಇನ್ನೊಂದು ವಿಷಯ ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡುತ್ತದೆ. ಹೊರಹೋಗುವ ಮಗುವಿನ ಮುಂದಿನ ಯೋಜನೆಯನ್ನು ಎರಡು ತಿಂಗಳು ಮುಂಚೆ ಮಕ್ಕಳ ಕಲ್ಯಾಣ ಸಮಿತಿಗೋ ಬಾಲನ್ಯಾಯ ಮಂಡಳಿಗೋ ಸಲ್ಲಿಸಬೇಕು ಎನ್ನುತ್ತವೆ ನಿಯಮಗಳು. ಅದಕ್ಕೂ ಮುಂಚೆ ತಯಾರಿ ಶುರುವಾಗದಿದ್ದರೆ ಎರಡು ತಿಂಗಳಲ್ಲಿ ಏನಾಗುತ್ತದೆ? ಒಂದು ವರದಿ ತಯಾರಾಗಬಹುದು, ಅಷ್ಟೆ. 2009ರ ವಿಶ್ವಸಂಸ್ಥೆಯ ಮಾರ್ಗಸೂಚಿಗಳು ಈ ತಯಾರಿ ಆದಷ್ಟು ಬೇಗ, ಮಗು ಹೊರಡುವುದಕ್ಕೆ ಸಾಕಷ್ಟು ಮುಂಚೆಯೇ ಆಗಬೇಕು ಎನ್ನುತ್ತವೆ. ಸಾಧ್ಯವಾದಲ್ಲೆಲ್ಲ ಪ್ರತಿ ಮಗುವಿಗೂ ಇದಕ್ಕಾಗಿಯೇ ತರಬೇತಾದ ಒಬ್ಬ ವ್ಯಕ್ತಿ ಇರಬೇಕು ಅಂತಲೂ ಇದೆ. 15-16ರಲ್ಲೇ ಅಡುಗೆ, ಬ್ಯಾಂಕು, ಬಸ್ಸು, ದುಡ್ಡಿನ ಲೆಕ್ಕ ಕೈಗೆ ಬಂದರೆ 18ರ ದಿನ ಅಷ್ಟು ಭಯ ಹುಟ್ಟಿಸುವುದಿಲ್ಲ.

ಬೇರೆ ದೇಶಗಳು ಇದರಲ್ಲಿ ಪೂರ್ತಿ ಗೆದ್ದಿವೆ ಅಂತೇನಿಲ್ಲ. ಆದರೂ ಕೆಲವು ನಡೆಗಳನ್ನು ಗಮನಿಸಬೇಕು. ಇಂಗ್ಲೆಂಡಿನಲ್ಲಿ 2000ದ ಕಾನೂನಿನಿಂದಲೇ ಹೀಗೆ ಹೊರಬರುವ ಅರ್ಹರಿಗೆಲ್ಲ ಒಬ್ಬೊಬ್ಬ ಸಲಹೆಗಾರ, ಒಂದು ಲಿಖಿತ ಯೋಜನೆ ಬಂತು. 2017ರ ಕಾನೂನು ಆ ಸಲಹೆಗಾರರ ನೆರವನ್ನು 25ರವರೆಗೆ ಎಲ್ಲರಿಗೂ ವಿಸ್ತರಿಸಿತು. ಸಾಕು ಕುಟುಂಬ ಒಪ್ಪಿದರೆ ಅಲ್ಲೇ 21ರವರೆಗೆ ಇರಲು 2014ರಲ್ಲಿ ದಾರಿ ಆಯಿತು. ಸ್ಕಾಟ್ಲೆಂಡಿನಲ್ಲಿ ನೆರವು ಕೇಳುವ ವಯಸ್ಸು 26ನೇ ಹುಟ್ಟುಹಬ್ಬದವರೆಗೆ ಇದೆ.

ವಯಸ್ಸು ಏರಿಸುವುದು ಒಳ್ಳೆಯದೇ. ಆದರೆ ನನ್ನ ಪ್ರಕಾರ ಆಫ್ಟರ್‌ಕೇರ್ ಚೆನ್ನಾಗಿದೆಯೋ ಇಲ್ಲವೋ ಅಂತ ನೋಡಬೇಕಾದ್ದು ಬೇರೆ ಕಡೆ: ಎಡವಿದವರು ವಾಪಸ್ ಬರಬಹುದಾ? ಮನೆಯಲ್ಲಿ ಬೆಳೆದ ಹುಡುಗ ಕೆಲಸ ಬಿಟ್ಟರೆ ಮನೆಗೆ ಬರುತ್ತಾನೆ. ಎರಡು ತಿಂಗಳು ಸುಮ್ನೆ ಇರುತ್ತಾನೆ, ಬೈಸಿಕೊಳ್ಳುತ್ತಾನೆ, ಮತ್ತೆ ಹೊರಡುತ್ತಾನೆ. ಅದನ್ನು ಯಾರೂ ಯೋಜನೆಯ ವಿಫಲತೆ ಅನ್ನುವುದಿಲ್ಲ. ಬಾಲಮಂದಿರದ ಹುಡುಗನಿಗೆ ಮಾತ್ರ ಒಂದೇ ಸಲ ಹೊರಡುವ ಅವಕಾಶ. 18ರ ಹುರುಪಿನಲ್ಲಿ ‘ನನಗೇನೂ ಬೇಡ’ ಅಂದು ಹೋದವನಿಗೆ 19ರಲ್ಲಿ ಕೆಲಸ ಹೋದಾಗ ಫೈಲು ಮುಚ್ಚಿದೆ ಅಂದರೆ ಹೇಗೆ? ಆ ವಯಸ್ಸಿನಲ್ಲಿ ನೆರವು ಬೇಡ ಅನ್ನುವುದು ತೀರಾ ಸಹಜ.

ಕ್ಯಾಲಿಫೋರ್ನಿಯಾದ ನಿಯಮದಲ್ಲಿ ಹೀಗೆ ಹೊರಟವರು 21ರೊಳಗೆ ಮತ್ತೆ ವ್ಯವಸ್ಥೆಯೊಳಗೆ ಬರಲು ದಾರಿ ಇದೆ. ಇಂಗ್ಲೆಂಡಿನಲ್ಲೂ ಸಂಪರ್ಕ ಬಿಟ್ಟುಹೋದವರು 25ರೊಳಗೆ ಯಾವಾಗ ಬೇಕಾದರೂ ಬಂದು ನೆರವು ಕೇಳಬಹುದು. ಇದಕ್ಕೆ ದೊಡ್ಡ ಕಟ್ಟಡ ಏನೂ ಬೇಡ. ನಂಬರ್ ಬದಲಾಯಿಸದ ಒಂದು ಫೋನ್, ಸಿಬ್ಬಂದಿ ವರ್ಗಾವಣೆ ಆದರೂ ಮೊದಲೇ ಹೊರಟುಹೋದವರ ಕಥೆ ಗೊತ್ತಿರುವ ಒಬ್ಬ ಕಾರ್ಯಕರ್ತೆ, ಕೆಲವು ವಾರ ತಂಗಲು ಒಂದೆರಡು ಹಾಸಿಗೆ. ಹಾಗೆಯೇ ಹೊರಡುವಾಗ ಆಧಾರ್, ಜನನ ಪ್ರಮಾಣಪತ್ರ, ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಲಸಿಕೆ ಮತ್ತು ಚಿಕಿತ್ಸೆಯ ದಾಖಲೆ ಇವುಗಳ ಮೂಲಪ್ರತಿ ಕೈಯಲ್ಲಿರಬೇಕು, ನಕಲು ಕಚೇರಿಯಲ್ಲಿ ಉಳಿಯಬೇಕು. ಬಾಡಿಗೆ ಕೋಣೆಗಳನ್ನು ಬದಲಾಯಿಸುತ್ತಾ ಓಡಾಡುವವರ ಬ್ಯಾಗಿನಿಂದ ಮೊದಲು ಕಳೆದುಹೋಗುವುದು ಈ ಕಾಗದಗಳೇ.