ಗುಡ್ಡದ ಬುಡದಿಂದ ಕುಂಟೆಯವರೆಗೆ ಒಂದೇ ಬದು ಕೆಲಸ

ಬಾಗೇಪಲ್ಲಿ, ಗುಡಿಬಂಡೆ, ಮುಳಬಾಗಿಲು ಕಡೆಯ ಕೆಮ್ಮಣ್ಣಿನ ಹೊಲಗಳು ಗುಡ್ಡದ ಬುಡದಿಂದ ಕುಂಟೆಯವರೆಗೆ (ಮಳೆನೀರು ನಿಲ್ಲುವ ಸಣ್ಣ ಕೆರೆ) ಒಂದರ ಕೆಳಗೊಂದು ಇಳಿಯುತ್ತವೆ. ಇಂಥ ಕಡೆ ಒಬ್ಬರೇ ಹಾಕಿದ ಬದು ಉಳಿಯುವುದು ಕಷ್ಟ. ಒಂದು ಎಕರೆ ಮೇಲೆ 5 ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 2 ಲಕ್ಷ ಲೀಟರ್ ನೀರು. ಅದರ ಮೂರನೇ ಒಂದು ಪಾಲು ಹರಿದರೂ, ಮೇಲೆ ಹತ್ತು ಎಕರೆ ಬದುವಿಲ್ಲದೆ ಇದ್ದರೆ, ಕೆಳಗಿನವರ ಬದುವಿಗೆ ಒಂದೇ ಮಳೆಗೆ ಆರೂವರೆ ಲಕ್ಷ ಲೀಟರಿಗೂ ಹೆಚ್ಚು ಬಂದು ತಾಗುತ್ತದೆ. ಒಂದು ಕಡೆ ಒಡೆದರೆ ಸಾಕು, ನಿಂತ ನೀರೆಲ್ಲ ಆ ಗಂಡಿಯಲ್ಲೇ ನುಗ್ಗಿ ಕೊರಕಲು ಬೀಳುತ್ತದೆ.

ಹಾಗಾಗಿ ಒಂದೇ ಕುಂಟೆಗೆ ನೀರು ಹರಿಸುವ ಹೊಲದವರೆಲ್ಲ ಸೇರಿ, ಅತಿ ಮೇಲಿನ ಹೊಲದಿಂದ ಕೆಲಸ ಹಿಡಿಯಬೇಕು. ಸರ್ಕಾರಿ ಯೋಜನೆಯ ಹಣದಲ್ಲಿ ಮಾಡಿಸುವಾಗಲೂ ಹೆಸರಿನ ಪಟ್ಟಿ ಇದೇ ಕ್ರಮದಲ್ಲಿರಲಿ. ಅಲ್ಲೊಬ್ಬರು ಇಲ್ಲೊಬ್ಬರು ಎಂದು ಆಯ್ದು ಮಾಡಿಸಿದ ಬದುಗಳೇ ಮೊದಲು ಒಡೆಯುವುದು. ಶುರು ಮಾಡುವ ಮುಂಚೆ ಮಳೆ ಸುರಿಯುತ್ತಿರುವ ಒಂದು ದಿನ ಎಲ್ಲರೂ ಒಟ್ಟಿಗೆ ನಡೆದು, ಯಾರ ಹೊಲಕ್ಕೆ ನೀರು ಎಲ್ಲಿ ಬರುತ್ತದೆ, ಎಲ್ಲಿ ಹೊರಡುತ್ತದೆ ಎಂದು ಗ್ರಾಮ ನಕ್ಷೆಯ ಪ್ರತಿಯ ಮೇಲೆ ಗುರುತು ಹಾಕಿಕೊಳ್ಳಿ. ಬೇಸಿಗೆಯಲ್ಲಿ ನಿಂತು ಊಹಿಸಿದ ದಾರಿ ಎಷ್ಟೋ ಸಲ ತಪ್ಪಿರುತ್ತದೆ.

ಭರಣಿ ಮಳೆಗೆ (ಏಪ್ರಿಲ್ ಕೊನೆ, ಮೇ ಮೊದಲ ವಾರ) ನೆಲ ನೆಂದ ಮೇಲೆ ತೋಡುವುದು ಸುಲಭ. ಬುಡ 5 ಅಡಿ, ನೆತ್ತಿ 1 ಅಡಿ, ಎತ್ತರ 2 ಅಡಿಯ ಬದು ಈ ಮಣ್ಣಿಗೆ ಸರಿಹೋಗುತ್ತದೆ. ಬದು ಬರುವ ಜಾಗದ ಹುಲ್ಲು ಕೆತ್ತಿ, ನೆಲ ಕೆದಕಿಯೇ ಮಣ್ಣು ಹಾಕಬೇಕು. ಇಲ್ಲದಿದ್ದರೆ ಹೊಸ ಮಣ್ಣಿಗೂ ಹಳೇ ನೆಲಕ್ಕೂ ನಡುವೆ ನೀರು ಜಿನುಗುತ್ತದೆ. ಅರ್ಧ ಅಡಿಗೊಮ್ಮೆ ತುಳಿದು ಗಟ್ಟಿ ಮಾಡಿ. ಮಣ್ಣನ್ನು ಮೇಲ್ಗಡೆಯಿಂದ, ಬದುವಿನ ಬುಡಕ್ಕೆ ಒಂದೂವರೆ ಅಡಿ ಬಿಟ್ಟು ತೆಗೆಯಿರಿ. ಗುಂಡಿ 10 ಅಡಿ ಉದ್ದ, 3 ಅಡಿ ಅಗಲ, ಎರಡೂವರೆ ಅಡಿ ಆಳ. ಎರಡು ಗುಂಡಿಗಳ ನಡುವೆ 2 ಅಡಿ ನೆಲ ಹಾಗೇ ಇರಲಿ. ತೋಡಿದ ಮಣ್ಣು ಬದುವಿಗೆ ಸಾಕಾಗುತ್ತದೆ, ಒಂದೊಂದು ಗುಂಡಿಯಲ್ಲಿ ಸುಮಾರು 2,100 ಲೀಟರ್ ನೀರು ಇಂಗಲು ನಿಲ್ಲುತ್ತದೆ. ಜೆಸಿಬಿಯವರು ಬೇಗ ಮುಗಿಯಲಿ ಎಂದು ಉದ್ದಕ್ಕೂ ಒಂದೇ ಕಾಲುವೆ ತೋಡಿಬಿಡುತ್ತಾರೆ. ಬಿಡಬೇಡಿ. ನೀರು ಅದರೊಳಗೇ ಓಡಿ ತಗ್ಗಿನ ಮೂಲೆಯನ್ನು ಕಿತ್ತುಹಾಕುತ್ತದೆ.

ಹೆಚ್ಚಿನವರು ಎಡವುವುದು ಮಟ್ಟದಲ್ಲಿ. ಎಲ್ಲ ಕಡೆ ಎತ್ತರ ಒಂದೇ ಇದ್ದರೆ ಸಾಲದು, ಬದುವಿನ ನೆತ್ತಿ ಒಂದೇ ಮಟ್ಟಕ್ಕಿರಬೇಕು. ನೆಲ 1 ಅಡಿ ತಗ್ಗಿರುವ ಕಡೆ ಬದು 3 ಅಡಿ ಏರಬೇಕು, ಬುಡವೂ 7 ಅಡಿಗೆ ಹಿಗ್ಗಬೇಕು. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಗುರುತು ಹಾಕಿದ ಎರಡು ಕೋಲಿಗೆ ಕಟ್ಟಿ ನೋಡಿದರೆ ಮಟ್ಟ ತಿಳಿಯುತ್ತದೆ. ಪೈಪಿನೊಳಗೆ ಗಾಳಿಗುಳ್ಳೆ ಉಳಿದರೆ ಲೆಕ್ಕ ತಪ್ಪುತ್ತದೆ.

ಹೆಚ್ಚಾದ ನೀರು ಬದು ದಾಟಿ ಹೊರಹೋಗಲು ಬಿಡುವ ದಾರಿಯೇ ಕೋಡಿ, ಅದರ ವಿಷಯದಲ್ಲೇ ಅಕ್ಕಪಕ್ಕದವರ ಒಪ್ಪಂದ ಬೇಕಾಗುವುದು. ಕೋಡಿಯ ಹೊಸ್ತಿಲು ಬದುವಿನ ನೆತ್ತಿಗಿಂತ 1 ಅಡಿ ಕೆಳಗಿರಲಿ. ಮೇಲಿನ 5 ಎಕರೆ ನೀರು ಬರುವಲ್ಲಿ ಅಗಲ ಕನಿಷ್ಠ 4 ಅಡಿ. ನೀರು ಧುಮುಕುವ ಜಾಗಕ್ಕೆ ನಾಲ್ಕೈದು ಅಡಿ ಉದ್ದ ಕಲ್ಲು ಹಾಸಬೇಕು, ಇಲ್ಲದಿದ್ದರೆ ಬುಡ ಕೊರೆದು ಕೋಡಿಯೇ ಕುಸಿಯುತ್ತದೆ. ಮೇಲಿನ ಹೊಲದ ಕೋಡಿ ಎಡಕ್ಕಿದ್ದರೆ ಕೆಳಗಿನದು ಬಲಕ್ಕಿರಲಿ. ಆಗ ನೀರು ಹೊಲದ ಅಡ್ಡಕ್ಕೆ ಹರಿದು ನಿಧಾನವಾಗುತ್ತದೆ. ಕೊನೆಯ ಕೋಡಿಯ ನೀರು ರಾಜಕಾಲುವೆಗೋ ಕುಂಟೆಗೋ ಸೇರಬೇಕು. ಕಾಲುವೆಯನ್ನು ಉತ್ತು ಹೊಲಕ್ಕೆ ಸೇರಿಸಿಕೊಂಡಿದ್ದರೆ ಮೊದಲು ಅದನ್ನು ಬಿಡಿಸಿ. ಮಾತು ಕಷ್ಟವಾದರೂ ಇದನ್ನು ಮುಂದೂಡಬಾರದು.

ಬರಿ ಮಣ್ಣಿನ ಬದು ಎರಡು ಮಳೆಗಾಲದಲ್ಲಿ ಕರಗುತ್ತದೆ. ಕೆಳಮಗ್ಗುಲಿಗೆ 20 ಅಡಿಗೊಂದು ಹೊಂಗೆ, ನಡುವೆ 3 ಅಡಿಗೊಂದು ಗೊಬ್ಬರಗಿಡ (ಗ್ಲಿರಿಸಿಡಿಯಾ), ಸಂದಿನಲ್ಲಿ ತಂಗಡಿ, ಲಕ್ಕಿ. ಹೊಂಗೆ, ಲಕ್ಕಿಗೆ ಮೇಕೆ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಗೊಬ್ಬರಗಿಡವನ್ನು ಮಾತ್ರ ಮೊದಲ ವರ್ಷ ಕಾಯಲೇಬೇಕು, ಅದಕ್ಕೆ ಊರಿನ ಮೇಕೆಯವರನ್ನೂ ಮಾತಿಗೆ ಕೂರಿಸಿ. ರಾಗಿ ಬಿತ್ತುವ ಮುಂಚೆ ಸವರಿ ಸೊಪ್ಪನ್ನು ಹೊಲಕ್ಕೆ ಹಾಕಿದರೆ ನೆರಳಿನ ಜಗಳ ಬರುವುದಿಲ್ಲ, ಸೊಪ್ಪು ಎರಡೂ ಹೊಲಕ್ಕೆ ಸಮಪಾಲು. ನೀಲಗಿರಿ ಬೇಡ, 2017ರಲ್ಲೇ ಸರ್ಕಾರ ಅದನ್ನು ಹೊಸದಾಗಿ ನೆಡುವುದನ್ನು ನಿಷೇಧಿಸಿದೆ.

ಬದುವಿನ ಮೇಲೆ ಕಳೆನಾಶಕ ಹೊಡೆಯಬಾರದು, ಬೆಂಕಿ ಹಾಕಬಾರದು. ಬೇರು ಸತ್ತರೆ ಮಣ್ಣು ಸಡಿಲವಾಗುತ್ತದೆ. ಹುಲ್ಲನ್ನು ದನಕ್ಕೆ ಕೊಯ್ದರೆ ಸಾಕು. ಟೊಮೆಟೊ, ಮಾವಿಗೆ ಔಷಧಿ ಹೊಡೆಯಲೇಬೇಕಾದರೆ ಜೇನುನೊಣ ಗೂಡು ಸೇರಿದ ಮೇಲೆ, ಸಂಜೆ. ಇದು ಸುತ್ತಲಿನವರೆಲ್ಲರಿಗೂ ಒಂದೇ ನಿಯಮವಾಗಬೇಕು. ಒಬ್ಬರು ಬೆಳಗ್ಗೆ ಹೊಡೆದರೂ ಬದುವಿನ ತಂಗಡಿ ಹೂವಿಗೆ ಬಂದ ನೊಣ ಪಕ್ಕದ ಬೆಳೆಗೆ ಹೋಗಿ ಸಾಯುತ್ತದೆ.

ಇಲ್ಲಿ ಜೋರು ಮಳೆ ಉತ್ತರೆ, ಹಸ್ತ, ಚಿತ್ತೆಯಲ್ಲಿ (ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಕೊನೆಯ ಹೊತ್ತಿಗೆ). ಮೊದಲ ದೊಡ್ಡ ಮಳೆಯ ಮಾರನೇ ದಿನವೇ ಮೇಲಿಂದ ಕೆಳಕ್ಕೆ ನಡೆದು ನೋಡಿ. ಇಲಿ, ಹೆಗ್ಗಣದ ಬಿಲದಲ್ಲಿ ನೀರು ತೂರಿದ್ದರೆ ಬಾಯಿಗೆ ಮಣ್ಣು ಮೆತ್ತಿ ಬಿಡದೆ, ಬಿಲದ ಕೊನೆಯವರೆಗೆ ಅಗೆದು ಒದ್ದೆ ಮಣ್ಣು ಗಿಡಿದು ಮುಚ್ಚಬೇಕು. ಬದು ಮೇಲಿನವರದಾದರೂ ಬೆಳೆ ಹೋಗುವುದು ಕೆಳಗಿನವರದು, ಹಾಗಾಗಿ ಗುದ್ದಲಿ ಹಿಡಿದು ಇಬ್ಬರೂ ಬನ್ನಿ.