ಲಿವಿಂಗ್ ವಿಲ್: ಕೋರ್ಟಿನಲ್ಲಿ ಮುಗಿದದ್ದು, ಮನೆಯಲ್ಲಿ ಶುರುವಾಗದ್ದು

ಶ್ರವಣಬೆಳಗೊಳದ ಚಂದ್ರಗಿರಿಯ ಬಂಡೆಗಳಲ್ಲಿ ಏಳನೇ ಶತಮಾನದಿಂದಲೂ ಸಲ್ಲೇಖನದಿಂದ, ಅಂದರೆ ಜೈನರ ಉಪವಾಸ ಮರಣದ ವ್ರತದಿಂದ, ದೇಹ ಬಿಟ್ಟವರ ಶಾಸನಗಳಿವೆ. ಅದೇ ನಾಡಿನಲ್ಲಿ ಇವತ್ತು ಅಜ್ಜ ಕೊನೆಗಾಲದ ಮಾತೆತ್ತಿದರೆ ‘ಬಿಡ್ತು ಅನ್ನಿ’ ಎಂದು ಬಾಯಿ ಮುಚ್ಚಿಸುತ್ತೇವೆ. ಆ ಮಾತು ಕೊನೆಗೆ ನಡೆಯುವುದು ಐಸಿಯು ಬಾಗಿಲಲ್ಲಿ, ಅಜ್ಜನಿಗೆ ಪ್ರಜ್ಞೆ ಇಲ್ಲದಾಗ. ಅಂಥ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಡ ಎಂದು ಪ್ರಜ್ಞೆಯಿರುವಾಗಲೇ ಬರೆದಿಡುವ ಪತ್ರವೇ ಲಿವಿಂಗ್ ವಿಲ್.

ಬದುಕುವ ಹಕ್ಕಿನಲ್ಲಿ ಸಾಯುವ ಹಕ್ಕು ಸೇರಿಲ್ಲವೆಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು. 2011ರಲ್ಲಿ, ಉತ್ತರ ಕನ್ನಡದ ಹಳದೀಪುರದಿಂದ ಮುಂಬೈಗೆ ಹೋಗಿ ನರ್ಸ್ ಆಗಿದ್ದ, ಹಲ್ಲೆಗೆ ಸಿಕ್ಕಿ ದಶಕಗಳಿಂದ ಹಾಸಿಗೆ ಹಿಡಿದಿದ್ದ ಅರುಣಾ ಶಾನಭಾಗ್ ಪ್ರಕರಣದಲ್ಲಿ, ಆಹಾರ ನಿಲ್ಲಿಸಿ ಸಾಯಲು ಬಿಡಿ ಎಂಬ ಅರ್ಜಿಯನ್ನು ತಳ್ಳಿಹಾಕಿತು. ಆದರೆ ಹೈಕೋರ್ಟಿನ ಅನುಮತಿಯಿದ್ದರೆ ಜೀವರಕ್ಷಕ ಚಿಕಿತ್ಸೆ ನಿಲ್ಲಿಸಬಹುದು ಎಂದಿತು. 2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಪೀಠ ಲಿವಿಂಗ್ ವಿಲ್‌ಗೆ ಮಾನ್ಯತೆ ಕೊಟ್ಟಿತು. ಚುಚ್ಚುಮದ್ದು ಕೊಟ್ಟು ಸಾಯಿಸುವುದು ಆಗಲೂ ಅಪರಾಧ, ಈಗಲೂ ಅಪರಾಧ.

ತೊಡಕು ಶುರುವಾದದ್ದು ಆಮೇಲೆ. ವಿಲ್‌ಗೆ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. ಚಿಕಿತ್ಸೆ ನಿಲ್ಲಿಸಬಹುದೇ ಎಂದು ಹೇಳುವ ಆಸ್ಪತ್ರೆಯ ವೈದ್ಯರ ಮಂಡಳಿಗೆ 20 ವರ್ಷ ಅನುಭವದ ತಜ್ಞರು, ಅದರ ಮೇಲೆ ಜಿಲ್ಲಾಧಿಕಾರಿ ನೇಮಿಸುವ ಇನ್ನೊಂದು ಮಂಡಳಿ, ಕೊನೆಗೆ ಮ್ಯಾಜಿಸ್ಟ್ರೇಟರೇ ಆಸ್ಪತ್ರೆಗೆ ಬಂದು ನೋಡಬೇಕು. ವೆಂಟಿಲೇಟರಿನಲ್ಲಿರುವವರಿಗೆ ಅಷ್ಟು ದಿನ ಎಲ್ಲಿರುತ್ತದೆ? 2023ರ ಜನವರಿ 24ರಂದು ಕೋರ್ಟೇ ಇದನ್ನು ಸಡಿಲಿಸಿತು. ಈಗ ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. ಎರಡೂ ಮಂಡಳಿಗಳಲ್ಲಿ ಮೂವರು ಮೂವರು ವೈದ್ಯರು, ತಜ್ಞರಿಗೆ 5 ವರ್ಷದ ಅನುಭವ, ಆದಷ್ಟೂ 48 ಗಂಟೆಯೊಳಗೆ ಅಭಿಪ್ರಾಯ. ಮ್ಯಾಜಿಸ್ಟ್ರೇಟರಿಗೆ ಮಾಹಿತಿ ಕೊಟ್ಟರಾಯಿತು.

ಎರಡನೇ ಮಂಡಳಿಗೆ ಸರ್ಕಾರದ ಕಡೆಯ ವೈದ್ಯರನ್ನು ಗೊತ್ತುಮಾಡುವ ಏರ್ಪಾಡಿಗೆ ಕರ್ನಾಟಕದಲ್ಲಿ ಇನ್ನೂ ಎರಡು ವರ್ಷ ಹಿಡಿಯಿತು. 2025ರ ಜನವರಿ 30ರ ಸುತ್ತೋಲೆ ಆ ಹೊಣೆಯನ್ನು ಜಿಲ್ಲಾ ಆರೋಗ್ಯಾಧಿಕಾರಿಗೆ ವಹಿಸಿತು. ಅಂಗಾಂಗ ಕಸಿ ಕಾಯ್ದೆಯಡಿ ಅನುಮೋದನೆ ಪಡೆದ ತಜ್ಞರನ್ನೇ ಬಳಸಿಕೊಳ್ಳಬಹುದು ಎಂದಿತು. ಸುತ್ತೋಲೆ ಆಸ್ಪತ್ರೆಗಳಿಗೆ ತಲುಪಿದಷ್ಟು ಸಲೀಸಾಗಿ ಮನೆಗಳಿಗೆ ತಲುಪುವುದಿಲ್ಲ, ಬಿಡಿ.

ಪತ್ರ ಕೈಕೊಡುವುದು ಹೆಚ್ಚಾಗಿ ಬರವಣಿಗೆಯಲ್ಲೇ. ‘ಮಿಷನ್ ಹಾಕಬೇಡಿ’ ಎಂದಷ್ಟೇ ಬರೆದರೆ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ವೆಂಟಿಲೇಟರ್, ಡಯಾಲಿಸಿಸ್, ಮೂಗಿನ ನಳಿಕೆಯ ಆಹಾರ, ಎದೆ ಒತ್ತಿ ಹೃದಯ ಮರುಚಾಲನೆ ಒಂದೊಂದಕ್ಕೂ ಯಾವ ಸ್ಥಿತಿಯಲ್ಲಿ ಬೇಡ ಎಂದು ಬರೆಯಬೇಕು. ನೋವು, ಉಬ್ಬಸಕ್ಕೆ ಔಷಧ ಮುಂದುವರಿಯಲಿ ಎಂದೂ ಸೇರಿಸಬೇಕು. ಇಲ್ಲವಾದರೆ ಚಿಕಿತ್ಸೆ ಬೇಡವೆಂದರೆ ಆರೈಕೆಯೂ ಬೇಡವೆಂದು ಮನೆಯವರು ಹೆದರುತ್ತಾರೆ. ನಿಮ್ಮ ಪರವಾಗಿ ಮಾತಾಡಲು ಒಬ್ಬರಿಗಿಂತ ಹೆಚ್ಚು ಜನರನ್ನು ಹೆಸರಿಸಬಹುದು.

ಒಂದು ಪ್ರತಿ ಪಂಚಾಯಿತಿ ಅಥವಾ ನಗರಸಭೆಗೆ ಸೇರಬೇಕು. ಅಲ್ಲಿ ಯಾರು ತೆಗೆದುಕೊಳ್ಳುತ್ತಾರೆ ಎಂದು ಮೊದಲೇ ವಿಚಾರಿಸಿ, ಸ್ವೀಕೃತಿ ಪಡೆಯಿರಿ. ಬ್ಯಾಂಕ್ ಲಾಕರಿನಲ್ಲಿಟ್ಟ ಪತ್ರ ಮಧ್ಯರಾತ್ರಿ ಕೈಗೆ ಸಿಗದು. ಅದಕ್ಕಿಂತ ದೊಡ್ಡ ಅಡ್ಡಿ ಬೇರೆಯದು: ಊರಲ್ಲಿರುವ ಮಗಳಿಗೆ ಗೊತ್ತಿರುತ್ತದೆ, ವಿದೇಶದ ಮಗನಿಗೆ ಗೊತ್ತಿರುವುದಿಲ್ಲ. ಅವನು ಫೋನಿನಲ್ಲಿ ‘ಎಲ್ಲಾ ಮಾಡಿ’ ಎಂದರೆ, ಪತ್ರ ಕಣ್ಣೆದುರಿಗಿದ್ದರೂ ವೈದ್ಯರು ಹಿಂಜರಿಯುತ್ತಾರೆ. ಆದ್ದರಿಂದ ಸಹಿಗೆ ಮುನ್ನ ಎಲ್ಲರನ್ನೂ ಒಂದೇ ವಿಡಿಯೋ ಕರೆಯಲ್ಲಿ ಕೂರಿಸಿ ಓದಿಹೇಳುವುದು ಒಳ್ಳೆಯದು. ಮನಸ್ಸು ಬದಲಾದರೆ ಲಿಖಿತವಾಗಿ ಹಿಂಪಡೆಯಬಹುದು. ಒಂದಕ್ಕಿಂತ ಹೆಚ್ಚು ಪತ್ರಗಳಿದ್ದರೆ ಕೊನೆಯದಾಗಿ ಸಹಿ ಮಾಡಿದ್ದೇ ಸಿಂಧು.